ವಿಂಡೋಸ್, ಲಿನಕ್ಸ್ ಎರಡಕ್ಕೂ ಒಂದೇ ಕಣಜ: ಡಿಸ್ಕ್ ಪಾರ್ಟಿಷನ್ ಹಂಚಿಕೊಳ್ಳುವ ಕ್ರಮ

ಒಂದೇ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಮತ್ತು ಉಬುಂಟು ಲಿನಕ್ಸ್ ಎರಡನ್ನೂ ಇಟ್ಟುಕೊಂಡವರಿಗೆ ಮೊದಲ ವಾರದಲ್ಲೇ ಒಂದು ತೊಡಕು ಎದುರಾಗುತ್ತದೆ. ಬೆಳಿಗ್ಗೆ ಲಿನಕ್ಸಿನಲ್ಲಿ ಬರೆದ ವರದಿ ಸಂಜೆ ವಿಂಡೋಸಿನಲ್ಲಿ ಬೇಕಾಗುತ್ತದೆ. ಆದರೆ ಅದು ಲಿನಕ್ಸಿನ ಹೋಮ್ ಫೋಲ್ಡರಿನಲ್ಲಿದೆ, ಆ ಫೋಲ್ಡರು ವಿಂಡೋಸಿನ ಕಣ್ಣಿಗೆ ಬೀಳುವುದೇ ಇಲ್ಲ. ಕಂಪ್ಯೂಟರನ್ನು ಮತ್ತೆ ಆರಿಸಿ, ಲಿನಕ್ಸಿಗೆ ಹೋಗಿ, ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ಮತ್ತೆ ವಿಂಡೋಸಿಗೆ ಬರಬೇಕು. ಹೀಗೆ ನಾಲ್ಕು ಸಲ ಮಾಡುವಷ್ಟರಲ್ಲಿ ಒಂದೇ ವರದಿಯ ಮೂರು ಪ್ರತಿಗಳು ಮೂರು ಕಡೆ ಹುಟ್ಟಿಕೊಂಡು, ಕೊನೆಯದಾಗಿ ತಿದ್ದಿದ್ದು ಯಾವುದೆಂದು ನಮಗೇ ತಿಳಿಯದಂತಾಗುತ್ತದೆ.

ಇದಕ್ಕೆ ಪರಿಹಾರವೆಂದರೆ ಎರಡೂ ವ್ಯವಸ್ಥೆಗಳು ಓದಿ ಬರೆಯಬಲ್ಲ ಮೂರನೆಯ ಪಾರ್ಟಿಷನ್ (ಡಿಸ್ಕಿನ ಪ್ರತ್ಯೇಕ ಭಾಗ) ಒಂದನ್ನು ಮಾಡಿಕೊಂಡು, ದಾಖಲೆ, ಫೋಟೋ, ಹಾಡುಗಳನ್ನೆಲ್ಲ ಅಲ್ಲಿಯೇ ಇಡುವುದು. ಅದನ್ನು ಮಾಡುವುದು ಅರ್ಧ ಗಂಟೆಯ ಕೆಲಸ. ವರ್ಷಗಟ್ಟಲೆ ಕೆಡದಂತೆ ಇಟ್ಟುಕೊಳ್ಳುವುದಕ್ಕೆ ಮಾತ್ರ ಒಂದು ಶಿಸ್ತು ಬೇಕು: ಒಂದು ವ್ಯವಸ್ಥೆ ಪಾರ್ಟಿಷನ್ನನ್ನು ಪೂರ್ತಿಯಾಗಿ ಕೈಬಿಟ್ಟ ನಂತರವೇ ಇನ್ನೊಂದು ಅದನ್ನು ಮುಟ್ಟಬೇಕು. ಮುಂದೆ ಹೇಳುವ ಬಹುಪಾಲು ಎಚ್ಚರಿಕೆಗಳು ಈ ಮಾತಿನಿಂದಲೇ ಹುಟ್ಟಿದವು.

ನಾನು ನನ್ನ ಪಾರ್ಟಿಷನ್ನಿಗೆ ‘ಕಣಜ’ ಎಂದು ಹೆಸರಿಟ್ಟಿದ್ದೇನೆ, ಈ ಲೇಖನದಲ್ಲೂ ಅದೇ ಹೆಸರನ್ನು ಬಳಸುತ್ತೇನೆ. ಆಜ್ಞೆಗಳನ್ನೂ ಮೆನುವಿನ ಹೆಸರುಗಳನ್ನೂ ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದರೂ ಕಂಪ್ಯೂಟರಿನಲ್ಲಿ ಅವನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲಿಯೇ ಟೈಪ್ ಮಾಡಬೇಕು. ವಿಂಡೋಸ್ 11 ಮತ್ತು ಗ್ನೋಮ್ ಡೆಸ್ಕ್‌ಟಾಪ್ ಇರುವ ಉಬುಂಟುವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಫೆಡೋರಾ ಅಥವಾ ಡೆಬಿಯನ್ ಬಳಸುವವರಿಗೂ ಹೆಚ್ಚಿನ ವ್ಯತ್ಯಾಸವೇನೂ ಕಾಣದು.

ಯಾವ ಫೈಲ್ ಸಿಸ್ಟಮ್?

ಫೈಲ್ ಸಿಸ್ಟಮ್ ಎಂದರೆ ಪಾರ್ಟಿಷನ್ನಿನಲ್ಲಿ ಫೈಲುಗಳನ್ನು ಜೋಡಿಸಿಡುವ ಕ್ರಮ. ಲಿನಕ್ಸ್ ಸಾಮಾನ್ಯವಾಗಿ ಬಳಸುವ ಎಕ್ಸ್ಟ್4 ಅನ್ನು ವಿಂಡೋಸ್ ತಾನಾಗಿ ಓದುವುದಿಲ್ಲ. ವಿಂಡೋಸಿನೊಳಗೆ ಲಿನಕ್ಸ್ ನಡೆಸುವ ಡಬ್ಲ್ಯುಎಸ್‌ಎಲ್ ಮೂಲಕ ಎಕ್ಸ್ಟ್4 ಡಿಸ್ಕನ್ನು ತೆರೆಯುವ ಸೌಲಭ್ಯವಿದೆಯಾದರೂ ಅದು ಇಡೀ ಡಿಸ್ಕನ್ನು ತನ್ನ ವಶಕ್ಕೆ ಕೇಳುತ್ತದೆ. ವಿಂಡೋಸ್ ಇರುವ ಡಿಸ್ಕಿನಲ್ಲೇ ಲಿನಕ್ಸ್ ಪಾರ್ಟಿಷನ್ ಕೂಡ ಇದ್ದರೆ, ಅಂದರೆ ನಮ್ಮಲ್ಲಿ ಬಹುತೇಕರ ಲ್ಯಾಪ್‌ಟಾಪಿನಲ್ಲಿ, ಅದು ಕೆಲಸಕ್ಕೆ ಬಾರದು. ಆದ್ದರಿಂದ ಲಿನಕ್ಸೇ ವಿಂಡೋಸಿನ ಭಾಷೆಯನ್ನು ಕಲಿತು ನಡೆಯಬೇಕಾಗುತ್ತದೆ.

ಉಳಿಯುವ ಆಯ್ಕೆಗಳು ಮೂರು. 1996ರಲ್ಲಿ ಬಂದ ಫ್ಯಾಟ್32 ಎಲ್ಲ ಕಡೆಯೂ ನಡೆಯುತ್ತದೆ, ಆದರೆ ಅದರಲ್ಲಿ ಒಂದು ಫೈಲು 4 ಜಿಬಿ ಮುಟ್ಟುವಂತಿಲ್ಲ. ಮದುವೆಯ ವಿಡಿಯೋ ಒಂದೇ ಅದನ್ನು ಮೀರುತ್ತದೆ. 2006ರಲ್ಲಿ ಬಂದ ಎಕ್ಸ್‌ಫ್ಯಾಟ್‌ಗೆ ಆ ಮಿತಿ ಇಲ್ಲ. ಮೈಕ್ರೋಸಾಫ್ಟ್ 2019ರಲ್ಲಿ ಅದರ ವಿವರಗಳನ್ನು ಬಹಿರಂಗಪಡಿಸಿದ ಮೇಲೆ, 2020ರ ಲಿನಕ್ಸ್ 5.7 ಕರ್ನಲ್ಲಿನಿಂದ (ಕರ್ನಲ್ ಎಂದರೆ ವ್ಯವಸ್ಥೆಯ ತಿರುಳು) ಸ್ಯಾಮ್‌ಸಂಗ್ ಬರೆದ ಒಳ್ಳೆಯ ಚಾಲಕವೂ (ಡ್ರೈವರ್, ಎಂದರೆ ಆ ಫೈಲ್ ಸಿಸ್ಟಮ್ಮನ್ನು ಓದಿ ಬರೆಯುವ ಪ್ರೋಗ್ರಾಂ) ಸಿಕ್ಕಿದೆ. ಆದರೆ ಎಕ್ಸ್‌ಫ್ಯಾಟ್‌ನಲ್ಲಿ ಜರ್ನಲ್ ಇಲ್ಲ. ಎಂದರೆ ಮಾಡಲಿರುವ ಬದಲಾವಣೆಯನ್ನು ಮೊದಲು ಗುರುತು ಹಾಕಿಕೊಂಡು, ಆಮೇಲೆ ಮಾಡಿ ಮುಗಿಸುವ ಲೆಕ್ಕಪುಸ್ತಕ ಅದಕ್ಕಿಲ್ಲ. ಬರೆಯುವ ನಡುವೆ ಕರೆಂಟು ಹೋದರೆ ಎಲ್ಲಿಗೆ ನಿಂತಿತೆಂಬುದು ಅದಕ್ಕೆ ನೆನಪಿರುವುದಿಲ್ಲ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿನವರು, ಬ್ಯಾಟರಿ ಸತ್ತ ಹಳೆಯ ಲ್ಯಾಪ್‌ಟಾಪಿನವರು ಇದನ್ನು ಗಂಭೀರವಾಗಿ ಪರಿಗಣಿಸಬೇಕು.

ಮೂರನೆಯದು ಎನ್‌ಟಿಎಫ್‌ಎಸ್. 1993ರ ವಿಂಡೋಸ್ ಎನ್‌ಟಿ ಜೊತೆ ಬಂದ ಇದು ವಿಂಡೋಸಿನ ಸ್ವಂತದ್ದು. ಜರ್ನಲ್ ಉಂಟು, ದೊಡ್ಡ ಫೈಲುಗಳಿಗೆ ತೊಂದರೆಯಿಲ್ಲ. ಹಿಂದೊಮ್ಮೆ ಲಿನಕ್ಸಿನಿಂದ ಎನ್‌ಟಿಎಫ್‌ಎಸ್‌ಗೆ ಬರೆಯುವುದೆಂದರೆ ಕೈ ನಡುಗುವ ಕೆಲಸವಾಗಿತ್ತು. 2007ರಲ್ಲಿ ಎನ್‌ಟಿಎಫ್‌ಎಸ್-3ಜಿ ಚಾಲಕದ ಮೊದಲ ಸ್ಥಿರ ಆವೃತ್ತಿ ಬಂದು ಆ ಭಯ ಹೋಯಿತು. 2021ರಲ್ಲಿ, 5.15 ಕರ್ನಲ್ಲಿನೊಳಗೆ, ಪ್ಯಾರಗಾನ್ ಸಂಸ್ಥೆ ಕೊಟ್ಟ ಎನ್‌ಟಿಎಫ್‌ಎಸ್3 ಎಂಬ ಇನ್ನೊಂದು ಚಾಲಕವೂ ಸೇರಿತು. ಎರಡನೆಯದು ವೇಗದ್ದು, ಮೊದಲನೆಯದು ಹೆಚ್ಚು ಕಾಲ ಪಳಗಿದ್ದು. ದಾಖಲೆ, ಫೋಟೋ ಇಡುವ ಜಾಗಕ್ಕೆ ವೇಗಕ್ಕಿಂತ ನಂಬಿಕೆ ಮುಖ್ಯವೆಂದು ನಾನು ಎನ್‌ಟಿಎಫ್‌ಎಸ್-3ಜಿಯನ್ನೇ ಬಳಸುತ್ತೇನೆ. ಒಳಗಿನ ಡಿಸ್ಕಿಗೆ ಎನ್‌ಟಿಎಫ್‌ಎಸ್, ಮ್ಯಾಕ್‌ಗೂ ಒಯ್ಯಬೇಕಾದ ಪೆನ್‌ಡ್ರೈವಿಗೆ ಎಕ್ಸ್‌ಫ್ಯಾಟ್ ಎಂದಿಟ್ಟುಕೊಂಡರೆ ತಪ್ಪಾಗದು.

ಕೈ ಹಾಕುವ ಮೊದಲು

ಎಷ್ಟೇ ಅವಸರವಿದ್ದರೂ ಮುಖ್ಯ ಫೈಲುಗಳ ಒಂದು ಪ್ರತಿಯನ್ನು ಹೊರಗಿನ ಡಿಸ್ಕಿಗೆ ತೆಗೆದುಕೊಳ್ಳಬೇಕು. ಪಾರ್ಟಿಷನ್ ಗಾತ್ರ ಬದಲಿಸುವ ಕೆಲಸ ಸಾವಿರಕ್ಕೊಮ್ಮೆ ಕೈಕೊಟ್ಟರೂ ಆ ಒಂದು ಸಲ ನಿಮ್ಮದೇ ಆಗಿರಬಹುದು.

ಎರಡನೆಯದಾಗಿ, ಡಿಸ್ಕಿನಲ್ಲಿರುವುದನ್ನು ಗುಪ್ತಲಿಪಿಗೆ ಬದಲಿಸುವ ಬಿಟ್‌ಲಾಕರ್ ಇದೆಯೇ ಎಂದು ನೋಡಬೇಕು. ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿ ಅಂಡ್ ಸೆಕ್ಯುರಿಟಿ ಎಂಬಲ್ಲಿ ‘ಡಿವೈಸ್ ಎನ್‌ಕ್ರಿಪ್ಶನ್’ ಚಾಲೂ ಇದ್ದರೆ ಡಿಸ್ಕಿಗೆ ಬೀಗ ಬಿದ್ದಿದೆ ಎಂದರ್ಥ. 2024ರ 24ಎಚ್2 ಆವೃತ್ತಿಯಿಂದ ಈಚೆಗೆ, ಹೊಸದಾಗಿ ಇನ್‌ಸ್ಟಾಲ್ ಮಾಡಿದ ವಿಂಡೋಸ್ 11 ಮೊದಲಿಗಿಂತ ಹೆಚ್ಚು ಕಂಪ್ಯೂಟರುಗಳಲ್ಲಿ ಈ ಬೀಗವನ್ನು ತಾನಾಗಿಯೇ ಹಾಕಿಕೊಳ್ಳುತ್ತದೆ. ಹಾಕಿದೆ ಎಂಬುದು ಮಾಲೀಕರಿಗೆ ಗೊತ್ತೇ ಇರುವುದಿಲ್ಲ. 48 ಅಂಕಿಗಳ ರಿಕವರಿ ಕೀಯನ್ನು ಮೈಕ್ರೋಸಾಫ್ಟ್ ಖಾತೆಯಿಂದ ಹುಡುಕಿ ತೆಗೆದು, ಒಂದು ಹಾಳೆಯ ಮೇಲೆ ಬರೆದಿಟ್ಟುಕೊಳ್ಳದೆ ಮುಂದಕ್ಕೆ ಹೆಜ್ಜೆ ಇಡಬಾರದು. ಬೂಟ್ ಕ್ರಮ ಬದಲಾದ ಕೂಡಲೇ ವಿಂಡೋಸ್ ಆ ಕೀಯನ್ನು ಕೇಳುವ ಸಾಧ್ಯತೆಯಿದೆ, ಮತ್ತು ಅದಿಲ್ಲದೆ ಒಳಗಿರುವುದನ್ನು ಯಾರಿಂದಲೂ ತೆಗೆಯಲಾಗದು.

ಕಣಜಕ್ಕೂ ಈ ಬೀಗ ಬೀಳಬಹುದು. ವಿಂಡೋಸಿನ ಪ್ರೊ ಆವೃತ್ತಿಯಲ್ಲಿ ಆ ಒಂದು ಡ್ರೈವಿಗೆ ಮಾತ್ರ ಬಿಟ್‌ಲಾಕರ್ ತೆಗೆಯಬಹುದು. ತೆಗೆಯಲು ಮನಸ್ಸಿಲ್ಲದಿದ್ದರೆ ಈಗಿನ ಲಿನಕ್ಸ್ ಬಿಟ್‌ಲಾಕರ್ ಪಾರ್ಟಿಷನ್ನನ್ನೂ ತೆರೆಯಬಲ್ಲದು. ಪ್ರತಿ ಸಲ ಪಾಸ್‌ವರ್ಡನ್ನೋ ರಿಕವರಿ ಕೀಯನ್ನೋ ಕೊಡಬೇಕಾಗುತ್ತದೆ, ಅಷ್ಟೇ.

ಫಾಸ್ಟ್ ಸ್ಟಾರ್ಟಪ್ ಎಂಬ ಅರೆನಿದ್ರೆ

ಈ ಇಡೀ ಕೆಲಸದಲ್ಲಿ ಜನ ಹೆಚ್ಚಾಗಿ ಎಡವುವುದು ಇಲ್ಲಿ. 2012ರ ವಿಂಡೋಸ್ 8ರಿಂದ ಮೊದಲ್ಗೊಂಡು, ನಾವು ‘ಶಟ್ ಡೌನ್’ ಒತ್ತಿದಾಗ ವಿಂಡೋಸ್ ಪೂರ್ತಿ ಆರುವುದಿಲ್ಲ. ನಮ್ಮ ಪ್ರೋಗ್ರಾಂಗಳನ್ನು ಮುಚ್ಚುತ್ತದೆ, ಆದರೆ ತನ್ನ ಕರ್ನಲ್ಲಿನ ಸ್ಥಿತಿಯನ್ನು ಡಿಸ್ಕಿನಲ್ಲಿ ಒಂದು ಫೈಲಾಗಿ ಬರೆದಿಟ್ಟು ಮಲಗುತ್ತದೆ. ಮರುದಿನ ಆ ಫೈಲನ್ನು ಓದಿಕೊಂಡು ಬೇಗ ಏಳುತ್ತದೆ. ಇದಕ್ಕೆ ಫಾಸ್ಟ್ ಸ್ಟಾರ್ಟಪ್ ಎಂದು ಹೆಸರು. ಆ ನೆನಪಿನಲ್ಲಿ ಕಣಜದ ಫೋಲ್ಡರುಗಳ ಪಟ್ಟಿಯೂ ಸೇರಿರುತ್ತದೆ. ನಡುವೆ ಲಿನಕ್ಸ್ ಬಂದು ಕಣಜದಲ್ಲಿ ಹತ್ತು ಫೈಲು ಬರೆದರೆ, ಎದ್ದ ವಿಂಡೋಸಿಗೆ ಅದರ ಅರಿವಿಲ್ಲ. ಅದು ತನ್ನ ಹಳೆಯ ಪಟ್ಟಿಯನ್ನೇ ನಂಬಿ ಅದರ ಮೇಲೆ ಬರೆಯುತ್ತದೆ.

ಲಿನಕ್ಸಿನ ಚಾಲಕಗಳಿಗೆ ಈ ಅಪಾಯ ಗೊತ್ತಿರುವುದರಿಂದ ಮಲಗಿರುವ ವಿಂಡೋಸಿನ ಪಾರ್ಟಿಷನ್ನನ್ನು ಅವು ತೆರೆಯಲು ಒಪ್ಪುವುದಿಲ್ಲ, ಇಲ್ಲವೇ ಓದಲು ಮಾತ್ರ ತೆರೆಯುತ್ತವೆ. ‘ನಿನ್ನೆ ಬರೆಯಲು ಆಗುತ್ತಿತ್ತು, ಇವತ್ತು ರೀಡ್-ಓನ್ಲಿ ಎನ್ನುತ್ತಿದೆ’ ಎಂಬ ದೂರಿನ ಹಿಂದೆ ಹೆಚ್ಚಿನ ಸಲ ಇರುವ ಕಾರಣ ಇದೇ.

ಫಾಸ್ಟ್ ಸ್ಟಾರ್ಟಪ್ಪನ್ನು ನಿಲ್ಲಿಸುವ ದಾರಿ ಹೀಗಿದೆ. ಕಂಟ್ರೋಲ್ ಪ್ಯಾನಲ್ ತೆರೆದು ಪವರ್ ಆಪ್ಶನ್ಸ್‌ಗೆ ಹೋಗಿ, ಎಡಗಡೆ ‘ಚೂಸ್ ವಾಟ್ ದ ಪವರ್ ಬಟನ್ಸ್ ಡೂ’ ಎಂಬುದನ್ನು ಒತ್ತಬೇಕು. ಅಲ್ಲಿ ಕೆಳಗಿನ ಆಯ್ಕೆಗಳು ಮಸುಕಾಗಿರುತ್ತವೆ. ಮೇಲಿರುವ ‘ಚೇಂಜ್ ಸೆಟ್ಟಿಂಗ್ಸ್ ದಟ್ ಆರ್ ಕರೆಂಟ್ಲಿ ಅನ್‌ಅವೈಲಬಲ್’ ಎಂಬ ಸಾಲನ್ನು ಒತ್ತಿದರೆ ಅವು ಜೀವ ಪಡೆಯುತ್ತವೆ. ‘ಟರ್ನ್ ಆನ್ ಫಾಸ್ಟ್ ಸ್ಟಾರ್ಟಪ್’ ಎದುರಿನ ಗುರುತನ್ನು ತೆಗೆದು ಉಳಿಸಬೇಕು. ವಿಂಡೋಸಿನ ದೊಡ್ಡ ಅಪ್‌ಡೇಟ್ ಆದ ಮೇಲೆ ಆ ಗುರುತು ಮರಳಿ ಬಂದಿದೆಯೇ ಎಂದು ಒಮ್ಮೆ ನೋಡುವುದು ಲೇಸು.

ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೈಬರ್ನೇಷನ್ನನ್ನೇ (ತೆರೆದಿರುವ ಕೆಲಸವನ್ನೆಲ್ಲ ಡಿಸ್ಕಿಗೆ ಬರೆದಿಟ್ಟು ಕಂಪ್ಯೂಟರ್ ಆರುವ ಸೌಲಭ್ಯ) ತೆಗೆದುಹಾಕಿದ್ದೇನೆ. ಏಕೆಂದರೆ ಮುಚ್ಚಳ ಮುಚ್ಚಿ ಸ್ಲೀಪ್‌ನಲ್ಲಿ ಬಿಟ್ಟ ಲ್ಯಾಪ್‌ಟಾಪ್ ಕೆಲವು ಗಂಟೆಗಳ ನಂತರ ತಾನಾಗಿಯೇ ಹೈಬರ್ನೇಟ್ ಆಗಬಹುದು. ಮರುದಿನ ಪವರ್ ಬಟನ್ ಒತ್ತಿದಾಗ ಯಾವ ವ್ಯವಸ್ಥೆ ಬೇಕೆಂದು ಕೇಳುವ ಗ್ರಬ್ ಮೆನು ಬರುತ್ತದೆ, ವಿಂಡೋಸ್ ಒಳಗೆ ಮಲಗಿದೆ ಎಂಬುದನ್ನು ಮರೆತು ನಾವು ಲಿನಕ್ಸ್ ಆರಿಸುತ್ತೇವೆ. ಅಡ್ಮಿನಿಸ್ಟ್ರೇಟರ್ ಆಗಿ ಟರ್ಮಿನಲ್ ತೆರೆದು ‘ಪವರ್‌ಸಿಎಫ್‌ಜಿ’ ಎಂದು ಬರೆದು, ಒಂದು ಜಾಗ ಬಿಟ್ಟು ಸ್ಲ್ಯಾಶ್ ಮತ್ತು ಎಚ್, ಮತ್ತೆ ಜಾಗ ಬಿಟ್ಟು ‘ಆಫ್’ ಎಂದು ಕೊಟ್ಟರೆ ಹೈಬರ್ನೇಷನ್ನೂ ಫಾಸ್ಟ್ ಸ್ಟಾರ್ಟಪ್ಪೂ ಒಟ್ಟಿಗೆ ಹೋಗುತ್ತವೆ, ಸಿ ಡ್ರೈವಿನಲ್ಲಿ ಕೆಲವು ಜಿಬಿ ಜಾಗವೂ ಮರಳಿ ಸಿಗುತ್ತದೆ. ಲಿನಕ್ಸಿಗೂ ಇದೇ ನಿಯಮ: ಕಣಜ ತೆರೆದಿರುವಾಗ ಲಿನಕ್ಸನ್ನು ಹೈಬರ್ನೇಟ್ ಮಾಡಿ ವಿಂಡೋಸಿಗೆ ಹೋಗಕೂಡದು.

ಕಣಜವನ್ನು ಕಟ್ಟುವುದು

ಸಿ ಡ್ರೈವಿನ ಗಾತ್ರವನ್ನು ಕುಗ್ಗಿಸುವ ಕೆಲಸವನ್ನು ವಿಂಡೋಸಿನ ಒಳಗಿನಿಂದಲೇ ಮಾಡುವುದು ಕ್ಷೇಮ. ವಿಂಡೋಸ್ ಕೀಲಿಯೊಂದಿಗೆ ಎಕ್ಸ್ ಒತ್ತಿದರೆ ಬರುವ ಪಟ್ಟಿಯಲ್ಲಿ ಡಿಸ್ಕ್ ಮ್ಯಾನೇಜ್‌ಮೆಂಟ್ ಆರಿಸಬೇಕು. ಕೆಳಗಡೆ ಡಿಸ್ಕಿನ ಪಟ್ಟಿ ಚಿತ್ರದಂತೆ ಕಾಣುತ್ತದೆ. ಸಿ ಡ್ರೈವಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಶ್ರಿಂಕ್ ವಾಲ್ಯೂಮ್’ ಒತ್ತಿದರೆ, ಎಷ್ಟು ಎಂಬಿ ಕುಗ್ಗಿಸಬೇಕೆಂದು ಕೇಳುತ್ತದೆ.

ಇಲ್ಲಿ ಒಂದು ಲೆಕ್ಕ ಹಾಕೋಣ. ಅಂಗಡಿಯವರು 512 ಜಿಬಿ ಎಂದು ಕೊಟ್ಟ ಎಸ್‌ಎಸ್‌ಡಿ ವಿಂಡೋಸಿನಲ್ಲಿ ಸುಮಾರು 476 ಜಿಬಿ ಎಂದು ಕಾಣುತ್ತದೆ; ಮೋಸವೇನಿಲ್ಲ, ಅವರು ಸಾವಿರದ ಲೆಕ್ಕದಲ್ಲಿ ಎಣಿಸಿದ್ದಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಇದರಲ್ಲಿ ವಿಂಡೋಸಿಗೆ 190, ಲಿನಕ್ಸಿಗೆ 70, ಕಣಜಕ್ಕೆ 215 ಜಿಬಿ ಎಂದುಕೊಂಡರೆ, ಸಿ ಡ್ರೈವಿನಿಂದ 285 ಜಿಬಿ ಬಿಡಿಸಿಕೊಳ್ಳಬೇಕು. ಅದನ್ನು 1024ರಿಂದ ಗುಣಿಸಿದರೆ ಬರುವ 291840 ಎಂಬ ಸಂಖ್ಯೆಯೇ ಅಲ್ಲಿ ತುಂಬಬೇಕಾದದ್ದು.

ಹಲವು ಸಲ ವಿಂಡೋಸ್ ಅಷ್ಟು ಬಿಟ್ಟುಕೊಡಲು ಒಪ್ಪುವುದಿಲ್ಲ. ಡ್ರೈವು ಅರ್ಧ ಖಾಲಿಯಿದ್ದರೂ ಪೇಜ್ ಫೈಲ್, ಹೈಬರ್ನೇಷನ್ ಫೈಲ್, ರಿಸ್ಟೋರ್ ಪಾಯಿಂಟುಗಳಂಥ ಜರುಗಿಸಲಾಗದ ಫೈಲುಗಳು ನಡುವೆ ಕುಳಿತಿರುತ್ತವೆ. ಹೈಬರ್ನೇಷನ್ ಈಗಾಗಲೇ ಹೋಗಿದೆ. ಸಿಸ್ಟಮ್ ಪ್ರೊಟೆಕ್ಷನ್ನನ್ನೂ ಪೇಜ್ ಫೈಲನ್ನೂ ತಾತ್ಕಾಲಿಕವಾಗಿ ನಿಲ್ಲಿಸಿ, ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ, ಮತ್ತೆ ಪ್ರಯತ್ನಿಸಿದರೆ ಸಾಮಾನ್ಯವಾಗಿ ಹೆಚ್ಚು ಜಾಗ ಸಿಗುತ್ತದೆ. ಕೆಲಸ ಮುಗಿದ ಮೇಲೆ ಎರಡನ್ನೂ ಮರಳಿ ಚಾಲೂ ಮಾಡುವುದನ್ನು ಮರೆಯಬಾರದು.

ಖಾಲಿಯಾದ ಜಾಗ ಕಪ್ಪು ಪಟ್ಟಿಯಾಗಿ ‘ಅನ್‌ಅಲೊಕೇಟೆಡ್’ ಎಂದು ಕಾಣುತ್ತದೆ. ಅದರ ಮೇಲೆ ರೈಟ್ ಕ್ಲಿಕ್ ಮಾಡಿ ‘ನ್ಯೂ ಸಿಂಪಲ್ ವಾಲ್ಯೂಮ್’ ಆರಿಸಿ, 215 ಜಿಬಿಗೆ ಸಮನಾದ 220160 ಎಂಬಿಯನ್ನು ಮಾತ್ರ ಕೊಟ್ಟು, ಉಳಿದುದನ್ನು ಲಿನಕ್ಸಿಗಾಗಿ ಹಾಗೆಯೇ ಬಿಡಬೇಕು. ಡ್ರೈವಿನ ಅಕ್ಷರಕ್ಕೆ ಡಿ, ಇ ಮೊದಲಾದವನ್ನು ಪೆನ್‌ಡ್ರೈವುಗಳು ಆಗಾಗ ಹಿಡಿದುಕೊಳ್ಳುತ್ತವಾದ್ದರಿಂದ ದೂರದ ಒಂದು ಅಕ್ಷರ ಒಳ್ಳೆಯದು. ಕಣಜಕ್ಕೆ ಕೆ ಎಂದು ನಾನು ಇಟ್ಟಿದ್ದೇನೆ. ಫೈಲ್ ಸಿಸ್ಟಮ್ ಎನ್‌ಟಿಎಫ್‌ಎಸ್ ಇರಲಿ, ಅಲೊಕೇಷನ್ ಯೂನಿಟ್ ಡಿಫಾಲ್ಟ್ ಇರಲಿ, ಕಂಪ್ರೆಶನ್ ಎಂಬ ಗುರುತು ಹಾಕುವುದು ಬೇಡ. ಲೇಬಲ್ಲನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಜಾಗವಿಲ್ಲದಂತೆ ಕೊಡಬೇಕು.

ಹಳೆಯ ಎಂಬಿಆರ್ ಮಾದರಿಯ ಡಿಸ್ಕ್ ಇರುವವರಿಗೆ ಒಂದು ಮಾತು. ಅದರಲ್ಲಿ ಮುಖ್ಯ ಪಾರ್ಟಿಷನ್ನುಗಳು ನಾಲ್ಕನ್ನು ಮೀರುವಂತಿಲ್ಲ. ನಾಲ್ಕು ತುಂಬಿರುವಾಗ ಐದನೆಯದನ್ನು ಮಾಡಹೊರಟರೆ ವಿಂಡೋಸ್ ನಯವಾಗಿ, ‘ಈ ಡಿಸ್ಕನ್ನು ಡೈನಮಿಕ್ ಡಿಸ್ಕಾಗಿ ಬದಲಿಸಲೇ’ ಎಂದು ಕೇಳುತ್ತದೆ. ಅದಕ್ಕೆ ಖಂಡಿತ ‘ನೋ’ ಎನ್ನಬೇಕು. ‘ಯೆಸ್’ ಎಂದವರು ಲಿನಕ್ಸ್ ಹಾಕಲೂ ಆಗದೆ, ಸುಲಭವಾಗಿ ಹಿಂದಕ್ಕೆ ಬರಲೂ ಆಗದೆ ಪೇಚಿಗೆ ಸಿಲುಕುತ್ತಾರೆ.

ಲಿನಕ್ಸ್ ಇನ್ನೂ ಹಾಕಿಲ್ಲವಾದರೆ ಈಗ ಹಾಕಬಹುದು. ಇನ್‌ಸ್ಟಾಲರ್ ತಾನೇ ಜಾಗ ಹುಡುಕುವ ಆಯ್ಕೆಯನ್ನು ಬಿಟ್ಟು, ಕೈಯಾರೆ ಪಾರ್ಟಿಷನ್ ಆರಿಸುವ ದಾರಿಯನ್ನು ಹಿಡಿದು, ಖಾಲಿ ಬಿಟ್ಟ 70 ಜಿಬಿಯನ್ನು ಮಾತ್ರ ತೋರಿಸಬೇಕು. ಕಣಜದ ಸಾಲಿನಲ್ಲಿ ‘ಫಾರ್ಮ್ಯಾಟ್’ ಗುರುತು ಇಲ್ಲವೆಂಬುದನ್ನು ಎರಡು ಸಲ ನೋಡಿಕೊಳ್ಳಬೇಕು.

ಲಿನಕ್ಸಿನಲ್ಲಿ ಬಾಗಿಲು ತೆರೆಯುವುದು

ಉಬುಂಟುವಿನ ಫೈಲ್ಸ್ ಕಿಟಕಿಯ ಎಡಬದಿಯಲ್ಲಿ ಕಣಜ ಈಗಾಗಲೇ ಕಾಣುತ್ತಿರಬಹುದು, ಒತ್ತಿದರೆ ತೆರೆಯುತ್ತದೆ. ಆದರೆ ಹೀಗೆ ಒತ್ತಿದಾಗ ಮಾತ್ರ ತೆರೆಯುವ ಡ್ರೈವನ್ನು ಹಾಡಿನ ಪ್ರೋಗ್ರಾಮು, ಬ್ಯಾಕಪ್ ಪ್ರೋಗ್ರಾಮುಗಳು ನೆಚ್ಚಿಕೊಳ್ಳಲಾರವು. ಆದ್ದರಿಂದ ಕಂಪ್ಯೂಟರ್ ಏಳುವಾಗಲೇ, ಪ್ರತಿ ಸಲವೂ ಒಂದೇ ಜಾಗದಲ್ಲಿ, ಕಣಜ ತೆರೆದುಕೊಳ್ಳುವಂತೆ ಮಾಡಬೇಕು.

ಮೊದಲು ಟರ್ಮಿನಲ್ಲಿನಲ್ಲಿ ಸೂಡೊ (ಅಡ್ಮಿನಿಸ್ಟ್ರೇಟರ್ ಅಧಿಕಾರ ಕೊಡುವ ಆಜ್ಞೆ) ಬಳಸಿ, ಎಂಎನ್‌ಟಿ ಎಂಬ ಫೋಲ್ಡರಿನೊಳಗೆ ಕಣಜ ಎಂಬ ಖಾಲಿ ಫೋಲ್ಡರನ್ನು ಮಾಡಿಕೊಳ್ಳಿ. ಆಮೇಲೆ ‘ಡಿಸ್ಕ್ಸ್’ ಎಂಬ ಪ್ರೋಗ್ರಾಂ ತೆರೆದು, ಎಡಗಡೆ ನಿಮ್ಮ ಡಿಸ್ಕನ್ನೂ ಬಲಗಡೆಯ ಚಿತ್ರದಲ್ಲಿ ಕಣಜದ ತುಂಡನ್ನೂ ಆರಿಸಿ, ಅದರ ಕೆಳಗಿನ ಹಲ್ಲುಚಕ್ರದ ಗುರುತನ್ನು ಒತ್ತಿ ‘ಎಡಿಟ್ ಮೌಂಟ್ ಆಪ್ಶನ್ಸ್’ಗೆ ಹೋಗಿ (ಮೌಂಟ್ ಎಂದರೆ ಪಾರ್ಟಿಷನ್ನನ್ನು ತೆರೆದು ಒಂದು ಫೋಲ್ಡರಿಗೆ ಜೋಡಿಸುವುದು). ಮೇಲಿರುವ ‘ಯೂಸರ್ ಸೆಶನ್ ಡಿಫಾಲ್ಟ್ಸ್’ ಎಂಬುದನ್ನು ಆಫ್ ಮಾಡಿದರೆ ಕೆಳಗಿನ ಜಾಗಗಳಲ್ಲಿ ಬರೆಯಲು ಸಾಧ್ಯವಾಗುತ್ತದೆ. ‘ಮೌಂಟ್ ಅಟ್ ಸಿಸ್ಟಮ್ ಸ್ಟಾರ್ಟಪ್’ ಚಾಲೂ ಇರಲಿ. ‘ಮೌಂಟ್ ಪಾಯಿಂಟ್’ ಎಂಬಲ್ಲಿ ಈಗ ಮಾಡಿದ ಫೋಲ್ಡರಿನ ಪೂರ್ತಿ ದಾರಿಯನ್ನು ಕೊಡಿ. ‘ಐಡೆಂಟಿಫೈ ಆಸ್’ ಎಂಬಲ್ಲಿ ಯುಯುಐಡಿ (ಪಾರ್ಟಿಷನ್ನಿನ ಕಾಯಂ ಗುರುತು ಸಂಖ್ಯೆ) ಇರುವ ಸಾಲನ್ನೇ ಆರಿಸಿ. ಇನ್ನೊಂದು ಡಿಸ್ಕ್ ಸೇರಿದಾಗ ಡಿಸ್ಕಿನ ಹೆಸರು ಬದಲಾದರೂ ಯುಯುಐಡಿ ಬದಲಾಗುವುದಿಲ್ಲ. ಫೈಲ್ ಸಿಸ್ಟಮ್ ಟೈಪ್ ಎಂಬಲ್ಲಿ ಎನ್‌ಟಿಎಫ್‌ಎಸ್-3ಜಿ ಎಂದು ಬರೆಯಿರಿ.

ಮೌಂಟ್ ಆಯ್ಕೆಗಳ ಸಾಲಿನಲ್ಲಿ ಆಗಲೇ ಕೆಲವು ಪದಗಳಿರುತ್ತವೆ. ಅವುಗಳಲ್ಲಿ ‘ನೋಫೇಲ್’ ಎಂಬುದನ್ನು ಯಾವ ಕಾರಣಕ್ಕೂ ಅಳಿಸಬೇಡಿ. ಅದು ಇಲ್ಲದಿದ್ದರೆ, ಯಾವುದೋ ದಿನ ಕಣಜ ತೆರೆಯದೇ ಹೋದಾಗ ಲಿನಕ್ಸ್ ಏಳುವುದನ್ನೇ ನಿಲ್ಲಿಸಿ ಎಮರ್ಜೆನ್ಸಿ ಮೋಡಿನ ಕಪ್ಪು ಪರದೆಯಲ್ಲಿ ನಿಲ್ಲುತ್ತದೆ. ಇರುವ ಪದಗಳ ಕೊನೆಗೆ ಅಲ್ಪವಿರಾಮ ಹಾಕಿ, ನಡುವೆ ಜಾಗ ಬಿಡದೆ, ಯುಐಡಿ=1000, ಜಿಐಡಿ=1000, ಡಿಮಾಸ್ಕ್=022, ಎಫ್‌ಮಾಸ್ಕ್=133, ವಿಂಡೋಸ್ ಅಂಡರ್‌ಸ್ಕೋರ್ ನೇಮ್ಸ್ ಎಂಬ ಐದನ್ನು ಸೇರಿಸಿ. ಉಬುಂಟುವಿನಲ್ಲಿ ಮೊದಲು ಸೃಷ್ಟಿಯಾದ ಬಳಕೆದಾರರ ಸಂಖ್ಯೆ 1000 ಆಗಿರುವುದರಿಂದ ಮೊದಲ ಎರಡು ಫೈಲುಗಳನ್ನು ನಿಮ್ಮ ಹೆಸರಿಗೆ ಬರೆಯುತ್ತವೆ. ನಂತರದ ಎರಡು, ನೀವು ಬರೆಯಬಹುದು ಉಳಿದವರು ಓದಬಹುದು ಎಂದು ಗೊತ್ತುಮಾಡಿ, ಪ್ರತಿಯೊಂದು ಫೋಟೋವೂ ಓಡಿಸಬಹುದಾದ ಪ್ರೋಗ್ರಾಮಿನಂತೆ ಕಾಣುವುದನ್ನು ತಪ್ಪಿಸುತ್ತವೆ. ಐದನೆಯದರ ಉಪಯೋಗವನ್ನು ಫೈಲಿನ ಹೆಸರುಗಳ ಮಾತು ಬಂದಾಗ ಹೇಳುತ್ತೇನೆ.

ಉಳಿಸಿದ ಕೂಡಲೇ ರೀಸ್ಟಾರ್ಟ್ ಮಾಡಬೇಡಿ. ಕಣಜ ತೆರೆದಿದ್ದರೆ ಡಿಸ್ಕ್ಸ್ ಕಿಟಕಿಯಲ್ಲಿಯೇ ಚೌಕದ ಗುರುತನ್ನು ಒತ್ತಿ ಮುಚ್ಚಿ, ತ್ರಿಕೋನದ ಗುರುತನ್ನು ಒತ್ತಿ ಮತ್ತೆ ತೆರೆಯಿರಿ. ಬರೆದದ್ದರಲ್ಲಿ ತಪ್ಪಿದ್ದರೆ ಈಗಲೇ ತಿಳಿಯುತ್ತದೆ, ತಿದ್ದುವುದೂ ಸುಲಭ. ಅನಂತರ ಲಿನಕ್ಸಿನಲ್ಲಿ ಒಂದು ಫೈಲು ಬರೆದು, ವಿಂಡೋಸಿಗೆ ಹೋಗಿ ಅದನ್ನು ತಿದ್ದಿ, ರೀಸ್ಟಾರ್ಟ್ ಅಲ್ಲ, ‘ಶಟ್ ಡೌನ್’ ಕೊಟ್ಟು, ಮತ್ತೆ ಲಿನಕ್ಸಿಗೆ ಬಂದು ಇನ್ನೊಮ್ಮೆ ತಿದ್ದಿ ನೋಡಬೇಕು. ಈ ಮೂರೂ ನಡೆದರೆ ಫಾಸ್ಟ್ ಸ್ಟಾರ್ಟಪ್ ನಿಜವಾಗಿಯೂ ಹೋಗಿದೆ ಎಂದು ಗೊತ್ತಾಗುತ್ತದೆ.

ಯಾವುದು ಕಣಜದಲ್ಲಿರಬೇಕು, ಯಾವುದು ಬೇಡ

ವಿಂಡೋಸಿನಲ್ಲಿ ಡಾಕ್ಯುಮೆಂಟ್ಸ್ ಫೋಲ್ಡರಿನ ಪ್ರಾಪರ್ಟೀಸ್ ತೆರೆದು, ‘ಲೊಕೇಷನ್’ ಎಂಬಲ್ಲಿ ಕಣಜದೊಳಗಿನ ಒಂದು ಫೋಲ್ಡರನ್ನು ತೋರಿಸಿ ‘ಮೂವ್’ ಕೊಟ್ಟರೆ ಫೈಲುಗಳೆಲ್ಲ ಅಲ್ಲಿಗೆ ಹೋಗುತ್ತವೆ. ಒನ್‌ಡ್ರೈವ್ ಆ ಫೋಲ್ಡರನ್ನು ಬ್ಯಾಕಪ್ ಮಾಡುತ್ತಿದ್ದರೆ ಮೊದಲು ಆ ಬ್ಯಾಕಪ್ಪನ್ನು ನಿಲ್ಲಿಸಬೇಕು. ಲಿನಕ್ಸಿನಲ್ಲಿ ಹೋಮ್‌ನೊಳಗೆ ಅಡಗಿರುವ ಡಾಟ್ ಕಾನ್‌ಫಿಗ್ ಫೋಲ್ಡರಿನಲ್ಲಿ ‘ಯೂಸರ್-ಡರ್ಸ್ ಡಾಟ್ ಡರ್ಸ್’ ಎಂಬ ಚಿಕ್ಕ ಫೈಲಿದೆ; ಅದರಲ್ಲಿ ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಮ್ಯೂಸಿಕ್ ಇವುಗಳ ದಾರಿಯನ್ನು ಕಣಜಕ್ಕೆ ತಿರುಗಿಸಿ, ಒಮ್ಮೆ ಲಾಗೌಟ್ ಆಗಿ ಬಂದರೆ ಸಾಕು. ಈಗ ಎರಡೂ ಕಡೆಯ ‘ಡಾಕ್ಯುಮೆಂಟ್ಸ್’ ಒಂದೇ.

ಇಡೀ ಹೋಮ್ ಫೋಲ್ಡರನ್ನೇ ಕಣಜಕ್ಕೆ ಸಾಗಿಸುವ ಆಸೆ ಹಲವರಿಗೆ ಬರುತ್ತದೆ. ಹಾಗೆ ಮಾಡಬಾರದು. ಮೇಲೆ ಹೇಳಿದ ಆಯ್ಕೆಗಳಲ್ಲಿ ತೆರೆದ ಕಣಜದಲ್ಲಿ ಪ್ರತಿ ಫೈಲಿಗೆ ಬೇರೆ ಬೇರೆ ಅನುಮತಿ ಇಡಲಾಗುವುದಿಲ್ಲ. ಎಸ್‌ಎಸ್‌ಎಚ್ (ದೂರದ ಕಂಪ್ಯೂಟರಿಗೆ ಸುರಕ್ಷಿತವಾಗಿ ಸೇರಿಸುವ ಪ್ರೋಗ್ರಾಂ) ತನ್ನ ಗುಟ್ಟಿನ ಕೀ ಫೈಲನ್ನು ಎಲ್ಲರೂ ಓದುವಂತಿದ್ದರೆ ಮುಟ್ಟುವುದೇ ಇಲ್ಲ. ಫೈರ್‌ಫಾಕ್ಸಿನ ಪ್ರೊಫೈಲನ್ನು ಹಂಚಿಕೊಳ್ಳುವುದೂ ಬೇಡ: ಹೊಸ ಆವೃತ್ತಿ ಬಳಸಿದ ಪ್ರೊಫೈಲನ್ನು ಹಳೆಯ ಆವೃತ್ತಿ ತೆರೆಯಲು ನಿರಾಕರಿಸುತ್ತದೆ, ಮತ್ತು ಎರಡೂ ಕಡೆ ಅಪ್‌ಡೇಟು ಒಂದೇ ದಿನ ಬರುವುದಿಲ್ಲ. ಪೈಥಾನಿನ ವರ್ಚುವಲ್ ಎನ್ವಿರಾನ್‌ಮೆಂಟ್, ನೋಡ್ ಪ್ಯಾಕೇಜುಗಳ ಫೋಲ್ಡರು ಇವು ಆಯಾ ವ್ಯವಸ್ಥೆಗೇ ಕಟ್ಟಿದಂಥವು, ಅವು ಲಿನಕ್ಸಿನ ಜಾಗದಲ್ಲಿಯೇ ಇರಲಿ. ಸ್ಟೀಮ್ ಆಟಗಳನ್ನು ಹಂಚಿಕೊಳ್ಳುವವರು, ವಿಂಡೋಸ್ ಆಟಗಳನ್ನು ಲಿನಕ್ಸಿನಲ್ಲಿ ಓಡಿಸುವ ಪ್ರೋಟಾನ್ ಬಳಸುವ ‘ಕಂಪ್ಯಾಟ್‌ಡೇಟಾ’ ಫೋಲ್ಡರನ್ನು ಲಿನಕ್ಸಿನ ಕಡೆಗೆ ಕೊಂಡಿ ಹಾಕಿ ತಿರುಗಿಸಬೇಕು. ಅದು ಸಿ ಡ್ರೈವನ್ನು ಅನುಕರಿಸಲು ಕೋಲನ್ ಚಿಹ್ನೆ ಇರುವ ಹೆಸರನ್ನು ಮಾಡುತ್ತದೆ, ಆ ಹೆಸರು ವಿಂಡೋಸಿಗೆ ಅಜೀರ್ಣ.

ಅಳಿಸಿದ ಫೈಲುಗಳ ವಿಷಯದಲ್ಲಿ ಒಂದು ಸಣ್ಣ ವಿಚಿತ್ರವಿದೆ. ಲಿನಕ್ಸಿನಲ್ಲಿ ಕಣಜದಿಂದ ಅಳಿಸಿದ್ದು ಡಾಟ್ ಟ್ರ್ಯಾಶ್-1000 ಎಂಬ ಫೋಲ್ಡರಿಗೆ ಹೋಗುತ್ತದೆ, ವಿಂಡೋಸಿನಲ್ಲಿ ಅಳಿಸಿದ್ದು ಅದರದ್ದೇ ರಿಸೈಕಲ್ ಬಿನ್ನಿಗೆ. ಒಂದರ ಕಸದ ಬುಟ್ಟಿ ಇನ್ನೊಂದಕ್ಕೆ ಬುಟ್ಟಿಯಾಗಿ ಕಾಣುವುದಿಲ್ಲ. ಜಾಗ ತುಂಬಿದೆ ಎಂದು ವಿಂಡೋಸ್ ಗೊಣಗಿದಾಗ ಲಿನಕ್ಸಿಗೆ ಹೋಗಿ ಅಲ್ಲಿನ ಬುಟ್ಟಿಯನ್ನೂ ಬರಿದು ಮಾಡಬೇಕಾಗುತ್ತದೆ.

ಹೆಸರುಗಳು, ಅದರಲ್ಲೂ ಕನ್ನಡದ ಹೆಸರುಗಳು

ಲಿನಕ್ಸಿನಲ್ಲಿ ಫೈಲಿನ ಹೆಸರಿಗೆ ಪ್ರಶ್ನಾರ್ಥಕ ಚಿಹ್ನೆ, ಕೋಲನ್, ನಕ್ಷತ್ರ ಎಲ್ಲವೂ ಸಲ್ಲುತ್ತವೆ. ವಿಂಡೋಸ್ ಇವನ್ನು ಒಪ್ಪುವುದಿಲ್ಲ; ‘ವರದಿ: ಅಂತಿಮವೇ?’ ಎಂದು ಲಿನಕ್ಸಿನಲ್ಲಿ ಹೆಸರಿಟ್ಟ ಫೈಲನ್ನು ವಿಂಡೋಸಿನಲ್ಲಿ ತೆರೆಯಲಾಗದೆ ಒದ್ದಾಡಬೇಕಾಗುತ್ತದೆ. ಮೇಲೆ ಸೇರಿಸಿದ ಐದನೆಯ ಆಯ್ಕೆ ಅಂಥ ಹೆಸರನ್ನು ಇಡುವಾಗಲೇ ತಡೆಯುತ್ತದೆ. ಇಂಗ್ಲಿಷ್ ಹೆಸರಿನ ದೊಡ್ಡಕ್ಷರ, ಸಣ್ಣಕ್ಷರಗಳನ್ನು ಲಿನಕ್ಸ್ ಬೇರೆಬೇರೆಯೆಂದೂ ವಿಂಡೋಸ್ ಒಂದೇ ಎಂದೂ ಬಗೆಯುವುದರಿಂದ, ಅಷ್ಟರಲ್ಲೇ ವ್ಯತ್ಯಾಸವಿರುವ ಎರಡು ಹೆಸರುಗಳನ್ನು ಒಂದೇ ಫೋಲ್ಡರಿನಲ್ಲಿ ಇಡಬಾರದು.

ಕನ್ನಡದಲ್ಲಿ ಉದ್ದುದ್ದ ಹೆಸರಿಡುವವರಿಗೆ ಬೇರೊಂದು ಮಿತಿ ಅಡ್ಡ ಬರುತ್ತದೆ. ಎನ್‌ಟಿಎಫ್‌ಎಸ್ ಒಂದು ಹೆಸರಿಗೆ 255 ಯೂನಿಕೋಡ್ ಘಟಕಗಳನ್ನು ಬಿಡುತ್ತದೆ, ಎಕ್ಸ್ಟ್4 ಬಿಡುವುದು 255 ಬೈಟುಗಳನ್ನು. ಕನ್ನಡದ ಪ್ರತಿಯೊಂದು ಯೂನಿಕೋಡ್ ಘಟಕವೂ ಲಿನಕ್ಸಿನಲ್ಲಿ 3 ಬೈಟು ತೆಗೆದುಕೊಳ್ಳುತ್ತದೆ. ‘ಸ್ತ್ರೀ’ ಎಂಬುದು ನಮ್ಮ ಕಣ್ಣಿಗೆ ಒಂದೇ ಅಕ್ಷರ. ಕಂಪ್ಯೂಟರಿಗೆ ಅದು ಸ, ಹಲಂತ, ತ, ಹಲಂತ, ರ, ದೀರ್ಘದ ಗುರುತು ಎಂಬ ಆರು ಘಟಕ, ಎಂದರೆ 18 ಬೈಟು. ಹೀಗಾಗಿ ಎಕ್ಸ್ಟ್4ನಲ್ಲಿ ಕನ್ನಡದ ಹೆಸರಿಗೆ ಸಿಗುವುದು ಒಟ್ಟು 85 ಘಟಕ ಮಾತ್ರ, ಅದರಲ್ಲಿ ಒತ್ತಕ್ಷರಗಳೂ ಕಾಗುಣಿತವೂ ಸೇರಿವೆ. ಲೇಖನದ ಪೂರ್ತಿ ಶೀರ್ಷಿಕೆಯನ್ನೇ ಹೆಸರಾಗಿಟ್ಟ ಫೈಲು ವಿಂಡೋಸಿನಲ್ಲಿ ನಡೆದು, ಲಿನಕ್ಸಿನ ಹೋಮ್‌ಗೆ ನಕಲಿಸುವಾಗ ‘ಹೆಸರು ತುಂಬ ಉದ್ದ’ ಎಂದು ನಿಂತುಬಿಡುತ್ತದೆ. ಹೆಸರನ್ನು ಚಿಕ್ಕದು ಮಾಡಿದರೆ ಸರಿಹೋಗುತ್ತದೆ.

ಇನ್ನೊಂದು, ಕಣ್ಣಿಗೆ ಕಾಣದ ತೊಡಕು. ‘ಲ್ಯಾಪ್‌ಟಾಪ್’ ಎಂಬಂಥ ಪದಗಳಲ್ಲಿ ಒತ್ತು ಮೂಡದಂತೆ ತಡೆಯಲು ನಾವು ಅಗೋಚರ ಅಕ್ಷರವೊಂದನ್ನು ಸೇರಿಸುತ್ತೇವೆ. ಕೆಲವು ಕೀಲಿಮಣೆಗಳು ಅದನ್ನು ಪದದ ಕೊನೆಯಲ್ಲೂ ಉಳಿಸಿಬಿಡುತ್ತವೆ. ವಿಂಡೋಸಿನಲ್ಲಿ ಒಂದು ಕೀಲಿಮಣೆ, ಲಿನಕ್ಸಿನಲ್ಲಿ ಇನ್ನೊಂದು ಬಳಸುವವರ ಕಣಜದಲ್ಲಿ ಒಂದೇ ಹೆಸರಿನ ಎರಡು ಫೋಲ್ಡರು ಅಕ್ಕಪಕ್ಕ ಕುಳಿತಿರುವುದನ್ನು ನೋಡಿದ್ದೇನೆ. ಹೆಸರನ್ನು ಮರಳಿ ಟೈಪ್ ಮಾಡದೆ ನಕಲಿಸಿ ಅಂಟಿಸುವುದು ಇದಕ್ಕೆ ಮದ್ದು.

ನುಡಿ, ಬರಹಗಳ ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಟೈಪಾದ ದಾಖಲೆಗಳು ಲಿನಕ್ಸಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ತೆರೆದುಕೊಂಡರೆ ಕಣಜ ಕೆಟ್ಟಿದೆ ಎಂದು ಗಾಬರಿಯಾಗಬೇಕಿಲ್ಲ. ಆ ಫಾಂಟನ್ನು ಲಿನಕ್ಸಿನಲ್ಲೂ ಹಾಕಿಕೊಂಡರೆ ಅಕ್ಷರಗಳು ಮರಳುತ್ತವೆ.

ಐದೂವರೆ ಗಂಟೆಯ ಲೆಕ್ಕ

ಲಿನಕ್ಸ್ ಬಳಸಿ ವಿಂಡೋಸಿಗೆ ಬಂದಾಗ ಬೆಳಗಿನ 9 ಗಂಟೆಗೆ ಗಡಿಯಾರ 3:30 ತೋರಿಸಿದರೆ ಅದು ಕೆಟ್ಟಿಲ್ಲ. ಮದರ್‌ಬೋರ್ಡಿನ ಗಡಿಯಾರದಲ್ಲಿ ಲಿನಕ್ಸ್ ಯುಟಿಸಿ (ಜಾಗತಿಕ ಪ್ರಮಾಣ) ಸಮಯವನ್ನು ಇಡುತ್ತದೆ, ವಿಂಡೋಸ್ ಅದನ್ನು ಭಾರತದ ಸಮಯವೆಂದೇ ಓದುತ್ತದೆ. ನಡುವಿನ ಅಂತರ ಸರಿಯಾಗಿ ಐದೂವರೆ ಗಂಟೆ. ಇಂಟರ್‌ನೆಟ್ ಸಿಕ್ಕಿದ ಮೇಲೆ ಸರಿಹೋದೀತು, ಆದರೆ ಅಷ್ಟರೊಳಗೆ ಉಳಿಸಿದ ಫೈಲಿಗೆ ನಸುಕಿನ ಸಮಯ ಅಂಟಿರುತ್ತದೆ. ‘ಹೊಸದು ಯಾವುದೋ ಅದನ್ನಿಡು’ ಎಂಬ ನಿಯಮದ ಮೇಲೆ ನಡೆಯುವ ಸಿಂಕ್ ಪ್ರೋಗ್ರಾಮು ಆಗ ಹಳೆಯದನ್ನು ಇಟ್ಟುಕೊಂಡು ಹೊಸದನ್ನು ಅಳಿಸುತ್ತದೆ.

ಲಿನಕ್ಸಿನ ಟರ್ಮಿನಲ್ಲಿನಲ್ಲಿ ‘ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1’ ಎಂದು ಕೊಟ್ಟರೆ ಲಿನಕ್ಸೂ ಸ್ಥಳೀಯ ಸಮಯವನ್ನೇ ಇಡತೊಡಗುತ್ತದೆ. ಬೇಸಿಗೆಗೊಮ್ಮೆ ಗಡಿಯಾರ ತಿರುಗಿಸುವ ಪದ್ಧತಿ ಭಾರತದಲ್ಲಿ ಇಲ್ಲದ್ದರಿಂದ ಇಲ್ಲಿ ಇದು ಚೆನ್ನಾಗಿಯೇ ನಡೆಯುತ್ತದೆ. ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಇರುವ ಕನ್ನಡಿಗರು ಇದರ ಬದಲು ವಿಂಡೋಸಿನ ರಿಜಿಸ್ಟ್ರಿಯಲ್ಲಿ ‘ರಿಯಲ್‌ಟೈಮ್‌ಈಸ್‌ಯೂನಿವರ್ಸಲ್’ ಎಂಬ ಮೌಲ್ಯವನ್ನು 1 ಮಾಡಿ ವಿಂಡೋಸನ್ನೇ ಯುಟಿಸಿಗೆ ಒಪ್ಪಿಸುವುದು ಮೇಲು. ಇಲ್ಲವಾದರೆ ಗಡಿಯಾರ ಬದಲಾಗುವ ಆ ಎರಡು ದಿನಗಳಲ್ಲಿ ಇಬ್ಬರೂ ತಿದ್ದಿ ಒಂದು ಗಂಟೆ ಆಚೀಚೆಯಾಗಬಹುದು.

ಕಣಜ ತೆರೆಯದಿದ್ದಾಗ

ಕೆಲವು ವರ್ಷಗಳ ಹಿಂದೆ ಒಂದು ರಾತ್ರಿ ಕಣಜ ರೀಡ್-ಓನ್ಲಿ ಆಗಿತ್ತು, ನನಗೆ ಅವಸರವಿತ್ತು. ಹೈಬರ್ನೇಷನ್ ಫೈಲನ್ನು ಅಳಿಸಿ ಬಲವಂತವಾಗಿ ತೆರೆಯುವ ಆಯ್ಕೆಯೊಂದು ಎನ್‌ಟಿಎಫ್‌ಎಸ್-3ಜಿಯಲ್ಲಿದೆ. ಅದನ್ನು ಬಳಸಿದೆ, ಕೆಲಸ ಮುಗಿಸಿ ಮಲಗಿದೆ. ಬೆಳಿಗ್ಗೆ ವಿಂಡೋಸ್ ತಾನಾಗಿಯೇ ಡಿಸ್ಕ್ ಪರೀಕ್ಷೆ ನಡೆಸಿ, ಒಂದು ಫೋಲ್ಡರಿನ ಫೋಟೋಗಳನ್ನು ‘ಫೌಂಡ್ ಡಾಟ್ 000’ ಎಂಬಲ್ಲಿ ಹೆಸರಿಲ್ಲದ ತುಂಡುಗಳಾಗಿ ರಾಶಿ ಹಾಕಿತ್ತು. ಅವನ್ನು ಒಂದೊಂದಾಗಿ ತೆರೆದು ನೋಡಿ ಹೆಸರಿಡುವುದಕ್ಕೆ ಎರಡು ಭಾನುವಾರ ಹಿಡಿಯಿತು.

ಆದ್ದರಿಂದ ಬಲವಂತ ಬೇಡ. ಲಿನಕ್ಸಿನಿಂದ ಹೊರಬಂದು, ವಿಂಡೋಸನ್ನು ತೆರೆದು, ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದುಕೊಂಡು ‘ಶಟ್ ಡೌನ್’ ಕೊಡಬೇಕು. ಹಾಗೆ ಮಾಡಿದರೆ ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದರೂ ಆ ಸಲ ವಿಂಡೋಸ್ ಪೂರ್ತಿ ಆರುತ್ತದೆ. ಆಗಲೂ ಲಿನಕ್ಸಿನಲ್ಲಿ ತೆರೆಯದಿದ್ದರೆ ಮತ್ತೆ ವಿಂಡೋಸಿಗೆ ಹೋಗಿ, ಕಣಜದ ಪ್ರಾಪರ್ಟೀಸ್‌ನಲ್ಲಿ ‘ಟೂಲ್ಸ್’ ಎಂಬಲ್ಲಿರುವ ‘ಚೆಕ್’ ಒತ್ತಿ ಪರೀಕ್ಷೆ ಮುಗಿಯುವವರೆಗೆ ಕಾಯಬೇಕು. ಲಿನಕ್ಸಿನಲ್ಲಿ ಎನ್‌ಟಿಎಫ್‌ಎಸ್‌ಫಿಕ್ಸ್ ಎಂಬ ಆಜ್ಞೆ ಇದೆಯಾದರೂ ಅದು ಕೆಲವು ಮೇಲುಮೇಲಿನ ದೋಷಗಳನ್ನು ತಿದ್ದಿ, ಮುಂದಿನ ಸಲ ಪರೀಕ್ಷಿಸು ಎಂದು ವಿಂಡೋಸಿಗೆ ಗುರುತು ಹಾಕುತ್ತದೆಯೇ ಹೊರತು ವಿಂಡೋಸಿನ ಪರೀಕ್ಷೆಗೆ ಸಮವಲ್ಲ. ಎನ್‌ಟಿಎಫ್‌ಎಸ್ ರಿಪೇರಿಯನ್ನು ವಿಂಡೋಸಿಗೇ ಬಿಡಬೇಕು; ಕಣಜ ಹಂಚಿಕೊಂಡಿರುವವರೆಗೂ ಆ ಒಂದು ಕೆಲಸಕ್ಕಾದರೂ ಕಂಪ್ಯೂಟರಿನಲ್ಲಿ ವಿಂಡೋಸ್ ಉಳಿದಿರಬೇಕಾಗುತ್ತದೆ.